ಮೈಗ್ರೇನ್ ಇದ್ದವರ ಊಟ: ಪಟ್ಟಿ ಪಕ್ಕಕ್ಕಿಡಿ, ಗಡಿಯಾರ ನೋಡಿ

ಮೈಗ್ರೇನ್ ಇದೆ ಅಂತ ಯಾರಿಗಾದರೂ ಹೇಳಿ ನೋಡಿ. ಎರಡು ನಿಮಿಷದಲ್ಲಿ ಬಿಡಬೇಕಾದ ಪದಾರ್ಥಗಳ ಪಟ್ಟಿ ಕೈಗೆ ಬರುತ್ತದೆ. ಬದನೆಕಾಯಿ ನಂಜು, ಹುಳಿ ತಿಂದರೆ ಪಿತ್ತ, ಮೊಸರು ಶೀತ, ಬಾಳೆಹಣ್ಣು ಬೇಡ, ಚಾಕೊಲೇಟ್ ಮುಟ್ಟಲೇಬೇಡಿ. ಪ್ರತಿ ಮನೆಯ ಪಟ್ಟಿ ಬೇರೆ. ಎಲ್ಲರ ಮಾತೂ ಕೇಳಿದವರು ಕೊನೆಗೆ ಅನ್ನ, ತಿಳಿಸಾರಿಗೆ ಬಂದು ನಿಂತಿರುತ್ತಾರೆ. ತಲೆನೋವು ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೈಗ್ರೇನ್‌ಗೂ ಊಟಕ್ಕೂ ನಂಟು ಇರುವುದು ನಿಜ. ಆದರೆ ಹೆಚ್ಚಿನವರಿಗೆ ಆ ನಂಟು ಇರುವುದು ಯಾವಾಗ ತಿಂದಿರಿ, ಎಷ್ಟು ಹೊತ್ತು ತಿನ್ನದೇ ಇದ್ದಿರಿ ಎನ್ನುವುದರಲ್ಲಿ. ಏನು ತಿಂದಿರಿ ಎನ್ನುವುದು ಆಮೇಲಿನ ಮಾತು. ಈ ಲೇಖನದ ಹೆಜ್ಜೆಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿದ್ದೇನೆ. ಮೊದಲಿನದು ಮೊದಲು ಮಾಡಿ. ಮುಂದಿನದಕ್ಕೆ ಅವಸರ ಬೇಡ.

ಇದೇನು ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ ವೈದ್ಯರ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,300ಕ್ಕೂ ಹೆಚ್ಚು ಜನರನ್ನು ವಿಚಾರಿಸಿತ್ತು. ಆ ಸಮೀಕ್ಷೆಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ಶೇ. 25ರಷ್ಟಿದ್ದರು. ನಾಲ್ವರಲ್ಲಿ ಒಬ್ಬರು ಅಂದ ಹಾಗಾಯಿತು. ಹೆಂಗಸರಲ್ಲಿ ಇದು ಇನ್ನೂ ಜಾಸ್ತಿ.

ಹಸಿವಿಗೂ ತಲೆನೋವಿಗೂ ಏನು ಸಂಬಂಧ?

ನಮ್ಮ ಮಿದುಳಿನ ತೂಕ ಮೈತೂಕದ ಶೇ. 2ರಷ್ಟು. ಅದು ಖರ್ಚು ಮಾಡುವ ಶಕ್ತಿ ಮಾತ್ರ ಇಡೀ ದೇಹದ ಶೇ. 20ರಷ್ಟು. ಸುಮ್ನೆ ಕೂತಿದ್ದರೂ ಅಷ್ಟು ಬೇಕು. ಈ ಶಕ್ತಿ ಬಹುಪಾಲು ರಕ್ತದಲ್ಲಿ ಬರುವ ಗ್ಲೂಕೋಸ್‌ನಿಂದ ಬರುತ್ತದೆ. ಮಿದುಳಿನೊಳಗೆ ಕೂಡಿಟ್ಟುಕೊಳ್ಳುವ ದಾಸ್ತಾನು ತೀರಾ ಸ್ವಲ್ಪ.

ಮೈಗ್ರೇನ್ ಇರುವವರ ಮಿದುಳಿಗೆ ಎರಡು ಗುಣಗಳಿವೆ. ಒಂದು, ಅದು ಬೆಳಕು, ಸದ್ದು, ವಾಸನೆಗಳಿಗೆ ಬೇರೆಯವರಿಗಿಂತ ಜಾಸ್ತಿ ಸ್ಪಂದಿಸುತ್ತದೆ. ಅಂದರೆ ಖರ್ಚು ಜಾಸ್ತಿ. ಇನ್ನೊಂದು, ನೋವಿಲ್ಲದ ದಿನಗಳಲ್ಲಿ ಮಾಡಿದ ವಿಶೇಷ ಸ್ಕ್ಯಾನ್‌ಗಳಲ್ಲೂ ಹಲವರ ಮಿದುಳಿನ ಶಕ್ತಿ ಸಂಗ್ರಹ ಕಡಿಮೆ ಕಂಡುಬಂದಿದೆ. ಅಂದರೆ ಆದಾಯ ಕಮ್ಮಿ. ವೋಲ್ಟೇಜ್ ಕಮ್ಮಿ ಇರುವ ಊರಿನ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಒಂದು ಮೋಟರ್ ಓಡಿದರೆ ಏನೂ ಆಗುವುದಿಲ್ಲ. ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತಿದರೆ ಟ್ರಿಪ್ ಆಗುತ್ತದೆ. ಮೈಗ್ರೇನ್ ಕೂಡ ಹೆಚ್ಚಾಗಿ ಒಂದೇ ಕಾರಣಕ್ಕೆ ಬರುವುದಿಲ್ಲ. ನಿದ್ದೆಗೆಟ್ಟ ರಾತ್ರಿ, ಬಿಸಿಲು, ಮುಟ್ಟಿನ ಹಿಂದುಮುಂದಿನ ದಿನ, ಖಾಲಿ ಹೊಟ್ಟೆ, ಇವೆಲ್ಲ ಒಂದೇ ದಿನ ಕೂಡಿ ಬಂದಾಗ ಬರುತ್ತದೆ. ಮುಟ್ಟನ್ನು, ಬಿಸಿಲನ್ನು ನಾವು ತಡೆಯಲು ಆಗುವುದಿಲ್ಲ. ಹೊಟ್ಟೆ ಖಾಲಿ ಬಿಡುವುದನ್ನು ತಡೆಯಬಹುದು, ಅಲ್ವಾ?

ಹಸಿವು, ಬಾಯಾರಿಕೆ, ನಿದ್ದೆ, ಹಾರ್ಮೋನು ಇವೆಲ್ಲದರ ಮೇಲೆ ಕಣ್ಣಿಟ್ಟಿರುವುದು ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎನ್ನುವ ಚಿಕ್ಕ ಭಾಗ. ನೋವು ಶುರುವಾಗುವುದಕ್ಕೆ ಒಂದೆರಡು ದಿನ ಮೊದಲೇ ಈ ಭಾಗದ ಚಟುವಟಿಕೆ ಬದಲಾಗುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಆಮೇಲೆ ಮುಖ ಮತ್ತು ತಲೆಯ ನೋವನ್ನು ಸಾಗಿಸುವ ಟ್ರೈಜೆಮಿನಲ್ ನರ ಕೆರಳುತ್ತದೆ. ಸಿಜಿಆರ್‌ಪಿ ಎನ್ನುವ ರಾಸಾಯನಿಕ ಹೊರಬರುತ್ತದೆ. ಈ ಸಿಜಿಆರ್‌ಪಿಯ ಪಾತ್ರವನ್ನು ಬಿಡಿಸಿ ತೋರಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ, ಮಿದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರೈಜ್ ಎನ್ನುವ ಪ್ರಶಸ್ತಿ ಬಂತು. ಅದನ್ನು ತಡೆಯುವ ಹೊಸ ಔಷಧಗಳೂ ಬಂದಿವೆ.

ಇಲ್ಲಿ ಒಂದು ಮಾತು. ಹಸಿದಾಗ ಬರುವ ತಲೆನೋವು ಅಂದರೆ ಸಕ್ಕರೆ ಇಳಿದಿದೆ ಅಂತ ಅರ್ಥವಲ್ಲ. ಆ ಹೊತ್ತಿನಲ್ಲಿ ಗ್ಲೂಕೋಮೀಟರ್ ಹಿಡಿದರೆ ಮಧುಮೇಹ ಇಲ್ಲದ ಹೆಚ್ಚಿನವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದ್ದರಿಂದ ತಲೆ ಸಿಡಿಯಿತು ಅಂತ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ಇದಕ್ಕೆ ಮದ್ದಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುವುದು ಮದ್ದು.

1. ಇದು ಮೈಗ್ರೇನೇ ಹೌದಾ, ಮೊದಲು ನೋಡಿಕೊಳ್ಳಿ

ಮೈಗ್ರೇನ್ ನೋವು ಔಷಧವಿಲ್ಲದಿದ್ದರೆ 4ರಿಂದ 72 ಗಂಟೆ ಇರುತ್ತದೆ. ಸಾಮಾನ್ಯವಾಗಿ ಒಂದು ಪಕ್ಕ, ಧಗ್ ಧಗ್ ಅಂತ ಬಡಿಯುವ ನೋವು. ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಜಾಸ್ತಿಯಾಗುತ್ತದೆ. ಹೊಟ್ಟೆ ತೊಳಸುತ್ತದೆ, ಬೆಳಕು ಮತ್ತು ಸದ್ದು ಬೇಡವಾಗುತ್ತವೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಅದಕ್ಕೆ ಆರಾ ಅನ್ನುತ್ತಾರೆ.

ನಮ್ಮಲ್ಲಿ ಬಹಳ ಜನ ಇದನ್ನು ಪಿತ್ತ ಅಂದುಕೊಂಡು, ಇಲ್ಲವೇ ಗ್ಯಾಸ್ ತಲೆಗೆ ಹತ್ತಿದೆ ಅಂದುಕೊಂಡು ವರ್ಷಗಟ್ಟಲೆ ಆ್ಯಸಿಡಿಟಿ ಮಾತ್ರೆ ನುಂಗುತ್ತಾರೆ. ವಾಂತಿಯಾದ ಮೇಲೆ ತಲೆ ಹಗುರವಾಗುತ್ತದಲ್ಲ, ಅದಕ್ಕೇ ಈ ನಂಬಿಕೆ ಗಟ್ಟಿಯಾಗಿದೆ. ನಿಜದಲ್ಲಿ ಕಾಯಿಲೆ ಶುರುವಾಗುವುದು ತಲೆಯಲ್ಲಿ. ಹೊಟ್ಟೆ ಕೆಡುವುದು ಅದರ ಪರಿಣಾಮ.

ಈ ಕೆಳಗಿನವು ಇದ್ದರೆ ಊಟ ಬದಲಿಸುತ್ತಾ ಕೂರಬೇಡಿ, ಕೂಡಲೇ ವೈದ್ಯರ ಹತ್ತಿರ ಹೋಗಿ: ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ಭಾರಿ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲಿನ ಶಕ್ತಿ ಅಥವಾ ಮಾತು ಹೋಗುವುದು, 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವು, ಬಸುರಿಯಲ್ಲಿ ಅಥವಾ ಬಾಣಂತನದಲ್ಲಿ ಹೊಸದಾಗಿ ಬಂದದ್ದು, ಪೆಟ್ಟು ಬಿದ್ದ ಮೇಲೆ ಬಂದದ್ದು.

2. ಒಂದು ನೋಟ್‌ಬುಕ್ ಇಡಿ

ಮೊಬೈಲ್ ಆ್ಯಪ್ ಆದರೂ ಸರಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಆದರೂ ಸರಿ. ಆರರಿಂದ ಎಂಟು ವಾರ ಬರೆಯಿರಿ. ನೋವು ಬಂದ ದಿನ ಮಾತ್ರ ಬರೆದರೆ ಸಾಲದು, ಬಾರದ ದಿನವೂ ಬರೆಯಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಬರೆಯಬೇಕಾದದ್ದು ಇಷ್ಟೇ: ಊಟ ತಿಂಡಿಯ ಹೊತ್ತು, ಕಾಫಿ ಟೀ ಎಷ್ಟು ಸಲ, ಮಲಗಿದ್ದು ಎದ್ದದ್ದು, ಮುಟ್ಟಿನ ದಿನ, ತೆಗೆದುಕೊಂಡ ಮಾತ್ರೆ. ತಿಂದದ್ದರಲ್ಲಿ ಏನಾದರೂ ವಿಶೇಷ ಇದ್ದರೆ ಅದು.

ನಮ್ಮ ಅತ್ತಿಗೆ ಬರೆದಿಟ್ಟ ಒಂದು ದಿನದ ಪುಟ, ಅವರ ಒಪ್ಪಿಗೆ ಪಡೆದೇ ಕೊಡುತ್ತಿದ್ದೇನೆ:

"ಗುರುವಾರ ರಾತ್ರಿ ಊಟ 8ಕ್ಕೆ. ಮಲಗಿದ್ದು 11:30. ಶುಕ್ರವಾರ ಎದ್ದದ್ದು 5:30. ಕಾಫಿ. ತಲೆಗೆ ಸ್ನಾನ. ಪೂಜೆ, ನೈವೇದ್ಯ ಮುಗಿದದ್ದು 10:15. ತಿಂಡಿ 10:30, ಎರಡು ದೋಸೆ. ಬಿಸಿಲಲ್ಲಿ ಮಾರ್ಕೆಟ್. 1 ಗಂಟೆಗೆ ಆಕಳಿಕೆ ಮೇಲೆ ಆಕಳಿಕೆ, ಕತ್ತು ಹಿಡಿದ ಹಾಗೆ. 1:30 ಊಟ, ಬದನೆಕಾಯಿ ಎಣ್ಣೆಗಾಯಿ. 4 ಗಂಟೆಗೆ ಬಲಗಡೆ ಶುರು."

ಅವರ ತೀರ್ಪು: ಬದನೆಕಾಯಿ. ಆದರೆ ಪುಟವನ್ನು ಇನ್ನೊಮ್ಮೆ ಓದಿ. ಆಕಳಿಕೆ, ಕತ್ತು ಹಿಡಿದದ್ದು ಊಟಕ್ಕೆ ಮುಂಚೆಯೇ ಬಂದಿದೆ. ಅಂದರೆ ಎಣ್ಣೆಗಾಯಿ ತಟ್ಟೆಗೆ ಬೀಳುವ ಮೊದಲೇ ಮೈಗ್ರೇನ್ ಹೊರಟಾಗಿತ್ತು. ರಾತ್ರಿ 8ರಿಂದ ಬೆಳಿಗ್ಗೆ 10:30ರವರೆಗೆ, ಹದಿನಾಲ್ಕು ಗಂಟೆಗೂ ಮೀರಿ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ. ನಿದ್ದೆ ಆರು ಗಂಟೆ. ಜೊತೆಗೆ ತಲೆಸ್ನಾನ, ಬಿಸಿಲು. ಪಾಪದ ಬದನೆಕಾಯಿ ಕೊನೆಗೆ ಬಂದು ಸಿಕ್ಕಿಬಿದ್ದಿದೆ ಅಷ್ಟೇ.

ತಲೆಸ್ನಾನ ಅಂದಾಗ ನಗಬೇಡಿ. ತಲೆಗೆ ಸ್ನಾನ ಮಾಡಿದರೆ ಮೈಗ್ರೇನ್ ಬರುತ್ತದೆ ಎಂದ 94 ಭಾರತೀಯ ರೋಗಿಗಳ ಬಗ್ಗೆ ಮುಂಬೈಯ ತಲೆನೋವು ತಜ್ಞರೊಬ್ಬರು 2006ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಉದ್ದ ಕೂದಲು ಒದ್ದೆಯಾಗಿಯೇ ಗಂಟು ಕಟ್ಟಿಕೊಂಡು ಓಡಾಡುವ ನಮ್ಮ ಹೆಂಗಸರಿಗೆ ಇದು ಮೊದಲೇ ಗೊತ್ತಿತ್ತು.

ನೋವಿಗೆ ಮುಂಚಿನ ಈ ಸೂಚನೆಗಳನ್ನು ಬರೆಯುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಆಕಳಿಕೆ, ಸಿಡುಕು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇವುಗಳ ಜೊತೆ ಕೆಲವರಿಗೆ ಸಿಹಿ ತಿನ್ನಬೇಕು ಅಂತ ತಡೆಯಲಾರದ ಆಸೆ ಬರುತ್ತದೆ. ಆಗ ಚಾಕೊಲೇಟ್ ತಿನ್ನುತ್ತಾರೆ. ಸ್ವಲ್ಪ ಹೊತ್ತಿಗೆ ನೋವು ಬರುತ್ತದೆ. ತಪ್ಪು ಚಾಕೊಲೇಟ್ ಮೇಲೆ ಬೀಳುತ್ತದೆ. ಆ ಆಸೆ ಕೂಡ ಮೈಗ್ರೇನ್‌ನದೇ ಮೊದಲ ಲಕ್ಷಣವಾಗಿರಬಹುದು. ರೋಗಿಗಳಿಗೆ ಗೊತ್ತಾಗದ ಹಾಗೆ ಒಮ್ಮೆ ಚಾಕೊಲೇಟ್, ಒಮ್ಮೆ ಅದೇ ರುಚಿಯ ಕ್ಯಾರಬ್ (ಒಂದು ಮರದ ಕಾಯಿಯ ಪುಡಿ) ಕೊಟ್ಟು ನೋಡಿದ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಚಾಕೊಲೇಟ್‌ನಿಂದ ತಲೆನೋವು ಹೆಚ್ಚಾಗಿ ಬರಲಿಲ್ಲ.

3. ಊಟದ ನಡುವಿನ ಗಂಟೆಗಳನ್ನು ಕಡಿಮೆ ಮಾಡಿ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದು ಹಗುರ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಉಪವಾಸದ ತಲೆನೋವು ಅಂತಲೇ ಒಂದು ಬಗೆ ಇದೆ. ಅದರ ಲೆಕ್ಕ ಶುರುವಾಗುವುದು 8 ಗಂಟೆ ತಿನ್ನದೇ ಇದ್ದಾಗ. ಮೈಗ್ರೇನ್ ಇದ್ದವರಲ್ಲಿ ಇದು ಇನ್ನೂ ಸಲೀಸಾಗಿ ಬರುತ್ತದೆ.

ಹಗಲಿನಲ್ಲಿ ಎರಡು ತಿನ್ನುವಿಕೆಗಳ ನಡುವೆ ನಾಲ್ಕರಿಂದ ಐದು ಗಂಟೆ ದಾಟಿಸಬೇಡಿ. ಎದ್ದ ಒಂದು ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಲಿ. ಕಾಫಿ ಲೆಕ್ಕಕ್ಕಿಲ್ಲ. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ನಡುವೆ 12 ಗಂಟೆಗಿಂತ ಜಾಸ್ತಿ ಬಿಡಬೇಡಿ. ಏಳೂವರೆಗೆ ಊಟ ಮುಗಿಸಿ ಹನ್ನೊಂದಕ್ಕೆ ಮಲಗುವವರಾದರೆ, ಬೆಳಿಗ್ಗೆ ತಲೆನೋವಿನ ಜೊತೆಗೇ ಏಳುವವರಾದರೆ, ಮಲಗುವ ಮುಂಚೆ ಒಂದು ಲೋಟ ಹಾಲು ಅಥವಾ ಒಂದು ಹಿಡಿ ಹುರಿಗಡಲೆ ತಿಂದು ನೋಡಿ.

ಈಗ ಫ್ಯಾಷನ್ ಆಗಿರುವ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಅನ್ನುವ ಪದ್ಧತಿ ಬೇರೆಯವರಿಗೆ ಒಗ್ಗಬಹುದು. ಮೈಗ್ರೇನ್ ಹತೋಟಿಯಲ್ಲಿ ಇಲ್ಲದವರಿಗೆ ನಾನಂತೂ ಹೇಳುವುದಿಲ್ಲ.

ಹೊತ್ತು ಸರಿಯಾದ ಮೇಲೆ ತಟ್ಟೆಯ ಕಡೆ ನೋಡಿ. ಬರೀ ಹಿಟ್ಟು ಸಕ್ಕರೆಯ ತಿಂಡಿ ಬೇಗ ಕರಗುತ್ತದೆ, ಸಕ್ಕರೆ ಸರ್ ಅಂತ ಏರಿ ಇಳಿಯುತ್ತದೆ, ಹನ್ನೊಂದಕ್ಕೇ ಮತ್ತೆ ಹಸಿವು. ಜೊತೆಗೆ ಕಾಳು, ಮೊಸರು, ಮೊಟ್ಟೆ, ಶೇಂಗಾ ಏನಾದರೂ ಇದ್ದರೆ ನಿಧಾನಕ್ಕೆ ಕರಗುತ್ತದೆ. ಇದಕ್ಕೆ ಓಟ್ಸ್, ಆವಕಾಡೊ ಏನೂ ಬೇಕಿಲ್ಲ. ಇಡ್ಲಿಗೆ ನೀರು ಚಟ್ನಿ ಬದಲು ಬೇಳೆ ಗಟ್ಟಿಯಾಗಿರುವ ಸಾಂಬಾರ್. ಅವಲಕ್ಕಿಗೆ ಕೈ ತುಂಬ ಶೇಂಗಾ. ಉಪ್ಪಿಟ್ಟಿನ ಪಕ್ಕ ಒಂದು ಬಟ್ಟಲು ಮೊಸರು. ಮುದ್ದೆಗೆ ಹುರುಳಿ ಸಾರು ಅಥವಾ ಬಸ್ಸಾರು. ಉತ್ತರ ಕರ್ನಾಟಕದವರ ಜೋಳದ ರೊಟ್ಟಿ, ಮಡಕಿ ಕಾಳು ಪಲ್ಯ, ಶೇಂಗಾ ಚಟ್ನಿಯ ತಟ್ಟೆಯನ್ನು ಬದಲಿಸುವುದೇ ಬೇಡ, ಅದು ಇರುವ ಹಾಗೇ ಚೆನ್ನಾಗಿದೆ.

ಹೊರಗೆ ಓಡಾಡುವವರು ಬ್ಯಾಗಿನಲ್ಲಿ ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಹುರಿಗಡಲೆ, ಶೇಂಗಾ, ಬಾದಾಮಿ, ಎರಡು ಖರ್ಜೂರ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸಂಜೆಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಮದುವೆ ಮನೆಗಳದ್ದು ಇನ್ನೊಂದು ಕಥೆ. ಮುಹೂರ್ತ ಮುಗಿದು, ಮೊದಲ ಪಂಕ್ತಿ ಎದ್ದು, ನಮ್ಮ ಸರದಿ ಬರುವಾಗ ಮೂರು ಗಂಟೆ. ಮನೆಯಲ್ಲೇ ತಿಂದು ಹೊರಡಿ. ಎಲೆ ಊಟಕ್ಕೆ ಹಸಿವು ಉಳಿಸಿಕೊಳ್ಳುವ ಆಸೆ ಮೈಗ್ರೇನ್ ಇದ್ದವರಿಗೆ ದುಬಾರಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕೇಳಿ. ನಿಮ್ಮಲ್ಲಿ ಸಕ್ಕರೆ ನಿಜವಾಗಿಯೂ ಇಳಿದಿರಬಹುದು.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಿರಿ. ಬೇಸಿಗೆಯಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಬೇಕಲ್ಲ ಅಂತ ಪ್ರಯಾಣದ ದಿನ ನೀರೇ ಕುಡಿಯದಿರುವ ಹೆಂಗಸರು ಬಹಳ. ಆ ಕಷ್ಟ ನಿಜ. ಆದರೆ ಅದೇ ದಿನ ಸಂಜೆ ತಲೆನೋವು ಬರುವುದೂ ನಿಜ.

4. ಕಾಫಿ ಬಿಡಬೇಡಿ, ಲೆಕ್ಕಕ್ಕೆ ತನ್ನಿ

ಕಾಫಿ ಎರಡು ಕಡೆಯೂ ಆಡುತ್ತದೆ. ನೋವು ನಿವಾರಕ ಮಾತ್ರೆಗಳ ಕೆಲಸಕ್ಕೆ ಕೆಫೀನ್ ಬಲ ಕೊಡುತ್ತದೆ. ಹಾಗಾಗಿ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಅದನ್ನು ಸೇರಿಸಿಯೇ ಇರುತ್ತಾರೆ. ದಿನಾ ಕುಡಿದು ಒಂದು ದಿನ ತಪ್ಪಿಸಿದರೆ ಮಾತ್ರ ಅದೇ ಕೆಫೀನ್ ತಲೆನೋವು ತರುತ್ತದೆ. ಭಾನುವಾರ ಒಂಬತ್ತಕ್ಕೆ ಎದ್ದು ತಲೆ ಹಿಡಿದುಕೊಳ್ಳುವವರಲ್ಲಿ ಹಲವರ ಕಥೆ ಇದೇ. ವಾರವಿಡೀ ಆರಕ್ಕೆ ಸಿಗುತ್ತಿದ್ದ ಕಾಫಿ ಮೂರು ಗಂಟೆ ತಡವಾಯಿತು, ತಿಂಡಿಯೂ ತಡವಾಯಿತು.

98 ಜನ ಮೈಗ್ರೇನ್ ರೋಗಿಗಳಿಂದ ಆರು ವಾರ ದಿನಚರಿ ಬರೆಸಿದ ಅಮೆರಿಕದ ಅಧ್ಯಯನವೊಂದು 2019ರಲ್ಲಿ ಬಂತು. ಅದರಲ್ಲಿ ಕೆಫೀನ್ ಇರುವ ಪಾನೀಯ ದಿನಕ್ಕೆ ಒಂದೆರಡು ಕುಡಿದಾಗ ತೊಂದರೆ ಕಾಣಲಿಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಕುಡಿದ ದಿನಗಳಲ್ಲಿ ಮೈಗ್ರೇನ್ ಬರುವ ಸಾಧ್ಯತೆ ಹೆಚ್ಚಿತು. ದಿನಕ್ಕೆ ಎರಡು ಸಣ್ಣ ಲೋಟ, ವಾರದ ಏಳೂ ದಿನ ಅದೇ ಹೊತ್ತಿಗೆ, ಮಧ್ಯಾಹ್ನದ ಮೇಲೆ ಬೇಡ. ನನಗೆ ಒಪ್ಪುವ ಲೆಕ್ಕ ಇದು. ನಮ್ಮ ಫಿಲ್ಟರ್ ಕಾಫಿಯಲ್ಲಿ ಪುಡಿಯ ಲೆಕ್ಕವೂ ಇದೆ. ಚಿಕೋರಿಯಲ್ಲಿ ಕೆಫೀನ್ ಇರುವುದಿಲ್ಲ. ಚಿಕೋರಿ ಬೆರೆತ ಪುಡಿಯಿಂದ ಪ್ಯೂರ್ ಕಾಫಿ ಪುಡಿಗೆ ಬದಲಾಯಿಸಿದರೆ ಲೋಟ ಅಷ್ಟೇ ಇದ್ದರೂ ಕೆಫೀನ್ ಏರಿರುತ್ತದೆ. ಅತ್ತೆಮನೆಗೆ ಹೋದಾಗ ಮಾತ್ರ ತಲೆನೋವು ಅನ್ನುವವರು ಒಮ್ಮೆ ಕಾಫಿ ಪುಡಿ ಡಬ್ಬಿಯನ್ನೂ ವಿಚಾರಿಸಿ.

ಐದಾರು ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮರುದಿನವೇ ಅನುಭವಿಸುತ್ತೀರಿ. ವಾರಕ್ಕೊಂದು ಲೋಟದಂತೆ ಇಳಿಸಿ.

5. ಉಪವಾಸದ ದಿನಗಳಿಗೆ ಮೊದಲೇ ತಯಾರಿ

ಏಕಾದಶಿ, ಶಿವರಾತ್ರಿ, ಶ್ರಾವಣದ ಶನಿವಾರ, ರಂಜಾನ್. ಬಿಡಿ ಅಂತ ಹೇಳುವುದು ಸುಲಭ, ಯಾರೂ ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಎಲ್ಲ ಸಂಪ್ರದಾಯಗಳಲ್ಲೂ ಕಾಯಿಲೆ ಇದ್ದವರಿಗೆ ವಿನಾಯಿತಿ ಇದೆ. ಅದನ್ನು ಬಳಸಿಕೊಳ್ಳುವುದು ನಿಮ್ಮ ಇಷ್ಟ.

ನೀರೂ ಬೇಡ ಅನ್ನುವ ವ್ರತವನ್ನು ಫಲಾಹಾರಕ್ಕೆ ಇಳಿಸಿಕೊಳ್ಳಿ. ಹಾಲು, ಬಾಳೆಹಣ್ಣು, ಶೇಂಗಾ, ನಿಮ್ಮ ಮನೆಯಲ್ಲಿ ನಡೆಯುವುದಾದರೆ ಅವಲಕ್ಕಿ, ಇವುಗಳನ್ನು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಸಾಬೂದಾನಿ ಖಿಚಡಿ ಬರೀ ಪಿಷ್ಟ, ಅದಕ್ಕೆ ಶೇಂಗಾ ಧಾರಾಳವಾಗಿ ಬೀಳಲಿ. ಕಾಫಿ ಬಿಡುವ ವ್ರತವಾದರೆ ವಾರದ ಮೊದಲಿನಿಂದಲೇ ಇಳಿಸುತ್ತಾ ಬನ್ನಿ. ಶುಕ್ರವಾರದ ಪೂಜೆಯವರಿಗೆ ಒಂದು ಸಲಹೆ: ತಲೆಸ್ನಾನ ಗುರುವಾರ ಸಂಜೆಗೆ ಅಥವಾ ಇನ್ನೊಂದು ದಿನಕ್ಕೆ ಹೋಗಲಿ, ಪೂಜೆಗೆ ಮುಂಚೆ ಒಂದು ಲೋಟ ಹಾಲು ಮತ್ತು ಹಣ್ಣು. ನಮ್ಮ ಅತ್ತಿಗೆ ಹಾಲಿಗೆ ಒಪ್ಪಿದರು. ಸ್ನಾನದ ವಿಷಯ ಇನ್ನೂ ಮಾತುಕತೆಯಲ್ಲಿದೆ.

ರಂಜಾನ್‌ನಲ್ಲಿ ಮೈಗ್ರೇನ್ ದಿನಗಳು ಹೆಚ್ಚಾಗುವುದನ್ನು ಅಧ್ಯಯನಗಳು ತೋರಿಸಿವೆ. ಮೊದಲ ದಿನಗಳಲ್ಲೇ ಜಾಸ್ತಿ. ಆದ್ದರಿಂದ ಎರಡು ವಾರ ಮುಂಚಿನಿಂದ ಚಹಾ, ಕಾಫಿ ಇಳಿಸಿ. ಸಹರಿಯನ್ನು, ಅಂದರೆ ಬೆಳಗಿನ ಜಾವದ ಊಟವನ್ನು, ನಿದ್ದೆಗಣ್ಣಲ್ಲಿ ತಪ್ಪಿಸಬೇಡಿ. ಸಾಧ್ಯವಾದಷ್ಟು ತಡವಾಗಿ, ಮೊಟ್ಟೆ, ಬೇಳೆ, ಮೊಸರಿನ ಜೊತೆ ತಿನ್ನಿ. ನೀವು ದಿನಾ ತೆಗೆದುಕೊಳ್ಳುವ ಔಷಧದ ಹೊತ್ತು ಬದಲಿಸಬೇಕಾಗಬಹುದು. ಅದನ್ನು ಉಪವಾಸ ಶುರುವಾಗುವ ಮೊದಲೇ ವೈದ್ಯರ ಹತ್ತಿರ ಮಾತಾಡಿ.

6. ಅನುಮಾನದ ಪದಾರ್ಥ? ಒಂದೊಂದಾಗಿ ಪರೀಕ್ಷಿಸಿ

ಆಹಾರದಿಂದಲೇ ಮೈಗ್ರೇನ್ ಬರುವವರು ಇಲ್ಲವೆಂದಲ್ಲ. ಮದ್ಯ, ಅದರಲ್ಲೂ ರೆಡ್ ವೈನ್, ಹಲವರಿಗೆ ಆಗುವುದಿಲ್ಲ. ಸಾಸೇಜ್, ಬೇಕನ್‌ಗಳಲ್ಲಿರುವ ನೈಟ್ರೇಟ್, ನೈಟ್ರೈಟ್ ಕೆಲವರಿಗೆ ತೊಂದರೆ ಕೊಡುತ್ತವೆ. ಗೋಬಿ ಮಂಚೂರಿಯ ಅಜಿನೊಮೊಟೊ ಬಗ್ಗೆ ಗಲಾಟೆ ಜಾಸ್ತಿ, ಊಟದ ಜೊತೆ ತಿಂದಾಗ ಅದರಿಂದ ತಲೆನೋವು ಬರುತ್ತದೆ ಎನ್ನಲು ಪುರಾವೆ ಕಮ್ಮಿ. ಬದನೆಕಾಯಿಯ ಮೇಲಿನ ಆರೋಪಕ್ಕೆ ನನಗೆ ತೂಕದ ಆಧಾರ ಸಿಕ್ಕಿಲ್ಲ.

ನಿಮ್ಮ ನೋಟ್‌ಬುಕ್ಕಿನಲ್ಲಿ ಒಂದೇ ಪದಾರ್ಥ ಮೂರು ನಾಲ್ಕು ಸಲ ನೋವಿನ ಹಿಂದಿನ 24 ಗಂಟೆಯಲ್ಲಿ ಕಂಡರೆ, ನೋವಿಲ್ಲದ ದಿನಗಳಲ್ಲಿ ಕಾಣದಿದ್ದರೆ, ಅದೊಂದನ್ನೇ ನಾಲ್ಕು ವಾರ ಬಿಡಿ. ಆಮೇಲೆ ಚೆನ್ನಾಗಿ ನಿದ್ದೆಯಾದ, ಹೊತ್ತಿಗೆ ಉಂಡ ಒಂದು ದಿನ ತಿಂದು ನೋಡಿ. ಇನ್ನೊಂದೆರಡು ಸಲ ಹೀಗೇ ಮಾಡಿ. ಪ್ರತಿ ಸಲವೂ ಬಂದರೆ ಬಿಡಿ. ಬಾರದಿದ್ದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕಿ, ನೆಮ್ಮದಿಯಾಗಿ ತಿನ್ನಿ. ಒಮ್ಮೆಗೇ ಹತ್ತು ಪದಾರ್ಥ ಬಿಟ್ಟರೆ ಯಾವುದು ಕಾರಣ ಅಂತ ಗೊತ್ತಾಗುವುದಿಲ್ಲ. ಮಕ್ಕಳಿಗೆ ಹೀಗೆ ಮಾಡಲೇಬೇಡಿ, ಬೆಳೆಯುವ ವಯಸ್ಸು.

7. ಇಷ್ಟಾದ ಮೇಲೆ ಎಣ್ಣೆ, ಮೀನು, ವಿಟಮಿನ್

ಇಲ್ಲಿ ಒಂದು ಅಧ್ಯಯನ ಗಮನ ಸೆಳೆಯುತ್ತದೆ. 2021ರಲ್ಲಿ ಬಿಎಂಜೆ ಎನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 182 ರೋಗಿಗಳಿಗೆ 16 ವಾರ ಲೆಕ್ಕ ಹಾಕಿದ ಊಟ ಕೊಟ್ಟರು. ಒಂದು ಗುಂಪಿಗೆ ಮೀನಿನ ಒಮೆಗಾ-3 ಕೊಬ್ಬು ಹೆಚ್ಚಿಸಿ, ಸಸ್ಯದೆಣ್ಣೆಗಳ ಒಮೆಗಾ-6 ಕೊಬ್ಬು ಇಳಿಸಿದರು. ಮಾಮೂಲಿ ಊಟದವರಿಗೆ ಹೋಲಿಸಿದರೆ ಈ ಗುಂಪಿನಲ್ಲಿ ತಲೆನೋವಿನ ದಿನಗಳು ತಿಂಗಳಿಗೆ ಸುಮಾರು ನಾಲ್ಕು ಕಡಿಮೆಯಾದವು.

ಅಷ್ಟು ಕಟ್ಟುನಿಟ್ಟಿನ ಊಟ ಮನೆಯಲ್ಲಿ ಕಷ್ಟ. ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಬಹುದು. ಕರಾವಳಿಯವರು ಅದೃಷ್ಟವಂತರು, ಬೂತಾಯಿ ಮತ್ತು ಬಂಗುಡೆಯಲ್ಲಿ ಒಮೆಗಾ-3 ತುಂಬಿದೆ. ವಾರಕ್ಕೆ ಎರಡು ಮೂರು ಸಲ ಸಾರಿಗೆ ಹಾಕಿ. ಹುರಿದು ಹುರಿದು ಎಣ್ಣೆ ಕುಡಿಸಬೇಡಿ. ಮೀನು ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ, ಆದರೆ ಅಗಸೆಯ ಒಮೆಗಾ-3 ಮೀನಿನ ಬಗೆಗೆ ಬದಲಾಗುವುದು ಸ್ವಲ್ಪವೇ. ಅಷ್ಟೇ ಫಲ ನಿರೀಕ್ಷಿಸಬೇಡಿ. ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಒಮೆಗಾ-6 ಬಹಳ ಜಾಸ್ತಿ, ಶೇಂಗಾ ಎಣ್ಣೆಯಲ್ಲಿ ಅದಕ್ಕಿಂತ ಕಡಿಮೆ. ಯಾವ ಎಣ್ಣೆಯಾದರೂ ತಿಂಗಳ ಒಟ್ಟು ಲೆಕ್ಕ ಇಳಿಸುವುದು, ಕರಿದದ್ದು ಕಡಿಮೆ ಮಾಡುವುದು ಸುಲಭದ ದಾರಿ.

ಮೆಗ್ನೀಸಿಯಂ ಕೊರತೆ ಮೈಗ್ರೇನ್ ಇದ್ದವರಲ್ಲಿ ಹೆಚ್ಚಾಗಿ ಕಾಣುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಕಾಳುಗಳು, ಎಳ್ಳು, ಕುಂಬಳಬೀಜ, ಸೊಪ್ಪು ಇವುಗಳಲ್ಲೂ ಚೆನ್ನಾಗಿದೆ. ಪಾಲಿಶ್ ಅಕ್ಕಿಯಲ್ಲಿ ಕಮ್ಮಿ.

ಮಾತ್ರೆಯ ರೂಪದಲ್ಲಿ ಮೂರು ಪೂರಕಗಳಿಗೆ ಸ್ವಲ್ಪ ಪುರಾವೆ ಇದೆ. ರಿಬೊಫ್ಲೇವಿನ್, ಅಂದರೆ ವಿಟಮಿನ್ ಬಿ2, ಜೀವಕೋಶದ ಶಕ್ತಿ ತಯಾರಿಕೆಗೆ ಬೇಕಾದದ್ದು. 1998ರಲ್ಲಿ ಪ್ರಕಟವಾದ ಬೆಲ್ಜಿಯಂ ವೈದ್ಯರ ಪ್ರಯೋಗದಲ್ಲಿ 55 ಜನರಿಗೆ ಮೂರು ತಿಂಗಳು ದಿನಕ್ಕೆ 400 ಮಿಲಿಗ್ರಾಂ ಬಿ2 ಅಥವಾ ಖಾಲಿ ಮಾತ್ರೆ ಕೊಟ್ಟಿದ್ದರು. ತಲೆನೋವಿನ ದಿನಗಳು ಅರ್ಧಕ್ಕೆ ಇಳಿದವರು ಬಿ2 ಗುಂಪಿನಲ್ಲಿ ಶೇ. 59, ಖಾಲಿ ಮಾತ್ರೆಯವರಲ್ಲಿ ಶೇ. 15. 400 ಮಿಲಿಗ್ರಾಂ ಊಟದಿಂದ ಬರುವ ಪ್ರಮಾಣವಲ್ಲ, ದಿನಕ್ಕೆ ನಮಗೆ ಬೇಕಾಗಿರುವುದು ಒಂದೆರಡು ಮಿಲಿಗ್ರಾಂ. ಅಂಗಡಿಯ ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದಲೂ ಅಷ್ಟು ಸಿಗುವುದಿಲ್ಲ. ಮೂತ್ರ ಗಾಢ ಹಳದಿಯಾದರೆ ಹೆದರಬೇಡಿ, ಅದು ಬಿ2 ಬಣ್ಣ. ಮೆಗ್ನೀಸಿಯಂ ಮಾತ್ರೆಯನ್ನು ಸಾಮಾನ್ಯವಾಗಿ 400ರಿಂದ 600 ಮಿಲಿಗ್ರಾಂ ಕೊಡುತ್ತಾರೆ, ಕೆಲವರಿಗೆ ಭೇದಿಯಾಗುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ. ಮೂರನೆಯದು ಕೋಎನ್‌ಜೈಮ್ ಕ್ಯೂ10, ಇದೂ ಜೀವಕೋಶದ ಶಕ್ತಿ ತಯಾರಿಕೆಗೆ ಬೇಕಾದದ್ದು. ಮೂರನ್ನೂ ವೈದ್ಯರನ್ನು ಕೇಳಿಯೇ ಶುರುಮಾಡಿ, ಬಸುರಿಯರಂತೂ ಕೇಳದೆ ಬೇಡ. ಎರಡು ಮೂರು ತಿಂಗಳು ಕೊಡದೆ ಕೆಲಸ ಮಾಡಲಿಲ್ಲ ಅನ್ನಬೇಡಿ.

8. ತೂಕ, ಕೀಟೊ, ಮತ್ತೆ ನಿಮ್ಮ ಮಾತ್ರೆಗಳು

ತೂಕ ಬಹಳ ಹೆಚ್ಚಿದ್ದರೆ ಅಪರೂಪಕ್ಕೆ ಬರುವ ಮೈಗ್ರೇನ್ ದಿನಬಿಟ್ಟು ದಿನ ಬರುವಂಥದ್ದಾಗುವ ಸಾಧ್ಯತೆ ಹೆಚ್ಚು. ಇಳಿಸುವುದು ಒಳ್ಳೆಯದು, ಊಟ ತಪ್ಪಿಸಿ ಅಲ್ಲ. ನಿಮ್ಮ ತಪ್ಪಿಲ್ಲದೆಯೂ ತೂಕ ಏರಿರಬಹುದು. ಮೈಗ್ರೇನ್ ತಡೆಗೆ ನಮ್ಮಲ್ಲಿ ಬಹಳ ಬರೆದುಕೊಡುವ ಫ್ಲುನಾರಿಜಿನ್, ಅಮಿಟ್ರಿಪ್ಟಿಲಿನ್, ವಾಲ್‌ಪ್ರೊಏಟ್ ಇವೆಲ್ಲ ಹಸಿವು, ತೂಕ ಹೆಚ್ಚಿಸಬಲ್ಲವು. ಟೊಪಿರಾಮೇಟ್ ಇಳಿಸುತ್ತದೆ. ತೂಕ ಏರುತ್ತಿದೆ ಅನ್ನಿಸಿದರೆ ಮಾತ್ರೆ ತಾವಾಗೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ, ಬದಲಿ ಇದೆ.

ಕೀಟೊ ಊಟ, ಅಂದರೆ ಪಿಷ್ಟ, ಸಕ್ಕರೆ ಬಹುತೇಕ ಬಿಟ್ಟು ಕೊಬ್ಬನ್ನೇ ಹೆಚ್ಚಾಗಿ ತಿನ್ನುವುದು, ಹೊಸದೇನಲ್ಲ, ಮೈಗ್ರೇನ್‌ಗೆ ಅದನ್ನು 1928ರಲ್ಲೇ ಪ್ರಯತ್ನಿಸಿದ್ದರು. ಗ್ಲೂಕೋಸ್ ಬದಲು ಕೀಟೋನ್ ಎನ್ನುವ ಇನ್ನೊಂದು ಇಂಧನ ಮಿದುಳಿಗೆ ಸಿಗುತ್ತದೆ ಎನ್ನುವುದು ತರ್ಕ. ಇಟಲಿಯ ಕೆಲವು ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಫಲ ಕಂಡಿದೆ. ಆದರೆ ದೇಹ ಹೊಂದಿಕೊಳ್ಳುವ ಮೊದಲ ದಿನಗಳಲ್ಲಿ ತಲೆನೋವೇ ಸಾಮಾನ್ಯ. ಟೊಪಿರಾಮೇಟ್ ಜೊತೆ ಸೇರಿದರೆ ಕಿಡ್ನಿ ಕಲ್ಲಿನ ಅಪಾಯ ಹೆಚ್ಚು. ಮುದ್ದೆ, ಅನ್ನ, ರೊಟ್ಟಿ ಎಲ್ಲ ಬಿಟ್ಟು ಎಷ್ಟು ದಿನ ಇರುತ್ತೀರಿ ಎನ್ನುವುದೂ ಪ್ರಶ್ನೆ. ತಜ್ಞರ ಮೇಲ್ವಿಚಾರಣೆ ಇಲ್ಲದೆ ಯೂಟ್ಯೂಬ್ ನೋಡಿ ಶುರುಮಾಡಬೇಡಿ.

9. ನೋವು ಬಂದೇಬಿಟ್ಟ ದಿನ

ಮೈಗ್ರೇನ್ ಹೊತ್ತಿನಲ್ಲಿ ಜಠರ ನಿಧಾನವಾಗುತ್ತದೆ. ತಡವಾಗಿ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂರುತ್ತದೆ. ಆದ್ದರಿಂದ ವೈದ್ಯರು ಕೊಟ್ಟ ಮಾತ್ರೆಯನ್ನು ನೋವು ಸಣ್ಣದಿರುವಾಗಲೇ ತೆಗೆದುಕೊಳ್ಳಿ. ವಾಂತಿ ತಡೆಯುವ ಔಷಧ ಜೊತೆಗೆ ಬೇಕಾ ಅಂತ ಕೇಳಿಟ್ಟುಕೊಳ್ಳಿ. ಹೊಟ್ಟೆ ಒಪ್ಪಿದರೆ ರಾಗಿ ಅಂಬಲಿ, ಗಂಜಿ, ಮಜ್ಜಿಗೆ ಅನ್ನ ಸ್ವಲ್ಪ. ಒಪ್ಪದಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ. ಒಂದು ತುಂಡು ಶುಂಠಿ ತೊಳಸುವಿಕೆಗೆ ಒಳ್ಳೆಯದು. ಒಗ್ಗರಣೆಯ ಹೊಗೆಯಿಂದ ದೂರ ಇರಿ, ಅಡುಗೆ ಅಂದು ಬೇರೆಯವರು ಮಾಡಲಿ.

ಕೊನೆಯ ಲೆಕ್ಕ ಮಾತ್ರೆಯದು. ಪ್ಯಾರಾಸಿಟಮಾಲ್‌ನಂಥ ಸಾದಾ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟಮಿನ್ ಅಥವಾ ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತದೆ. ಆಗ ಊಟದಲ್ಲಿ ಏನು ಬದಲಿಸಿದರೂ ಫಲ ಕಾಣುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರೆ ನುಂಗಿದ ದಿನಗಳನ್ನು ಎಣಿಸಿ. ಈ ಸಂಖ್ಯೆಗಳ ಹತ್ತಿರ ಬಂದಿದ್ದರೆ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಹೋದಾಗ ಮೊದಲು ಆ ಪುಟವನ್ನೇ ತೋರಿಸಿ.